ಓಗೊಟ್ಟ ಹರಳು

ನನ್ನ ಅವ್ವ ಜೀವಮಾನದಲ್ಲಿ ಹೇಳಿದ ದೊಡ್ಡ ಸುಳ್ಳು ಒಂದೇ ಒಂದು. ಅದನ್ನೂ ನನಗಾಗಿ ಹೇಳಿದಳು. ಬಸವನಬಾಗೇವಾಡಿಯ ನಮ್ಮ ಮನೆಯ ಕಟ್ಟೆಯ ಮೇಲೆ, ದೊಡ್ಡಪ್ಪನ ಎದುರಿಗೆ, ಕಣ್ಣು ಮಿಟುಕಿಸದೆ ಹೇಳಿದಳು.

ನಾನು ಭೌತಶಾಸ್ತ್ರದಲ್ಲಿ ಎಂ.ಎಸ್‌ಸಿ. ಮುಗಿಸಿ, ಸಂಶೋಧನೆಗೆಂದು ದೂರದ ಊರಿಗೆ ಹೊರಟು ನಿಂತಿದ್ದೆ. ನಮ್ಮದು ಗಾದಿ ಮಾಡುವ ಮನೆತನ. ಅಪ್ಪ ಅಂಗಡಿಯಲ್ಲಿ ಅರಳೆ ಹಿಂಜುತ್ತಾನೆ, ಗಾದಿ ತುಂಬುತ್ತಾನೆ, ಮಾತಾಡುವ ಕೆಲಸವನ್ನು ಅಣ್ಣನಿಗೆ ಬಿಟ್ಟುಕೊಟ್ಟಿದ್ದಾನೆ. ಆ ಅಣ್ಣ, ಅಂದರೆ ನಮ್ಮ ದೊಡ್ಡಪ್ಪ, ಇಂಗಳೇಶ್ವರದ ಹತ್ತಿರ ಇರುವ ನಮ್ಮ ಹೊಲ ನೋಡಿಕೊಳ್ಳುತ್ತಾನೆ. ಮನೆಯ ಯಾವ ಮಾತೂ ಅವನ ಕಿವಿಗೆ ಬೀಳದೆ ಮುಂದೆ ಹೋಗುವುದಿಲ್ಲ. ಅವನು ಕೆಟ್ಟವನಲ್ಲ. ಆದರೆ ತನಗೆ ತಿಳಿಯದ್ದು ಯಾವುದೂ ಜಗತ್ತಿನಲ್ಲಿ ಇರಬಾರದು ಎಂಬ ಹಟ ಅವನದು. ಅಂದು ಬಂದವನೇ, ಮದುವೆಯ ಮಾತು ಬಿಟ್ಟು ವರ್ಷಗಟ್ಟಲೆ ಊರು ಬಿಟ್ಟಿರುವಂಥ ಕೆಲಸ ಯಾವುದದು ಎಂದು ಕೇಳಿದ. ನಾನು ಬಾಯಿ ತೆರೆದೆ. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ, ಏನಾದರೊಂದು ಅಂದು ಕೆಡಿಸಿಬಿಡುತ್ತಿದ್ದೆ. ಅಷ್ಟರಲ್ಲಿ ಅವ್ವ ಸೆರಗು ಸರಿಮಾಡಿಕೊಂಡು ಮುಂದೆ ಬಂದಳು.

"ಆಕಿ ಮಾಡೂ ಕೆಲಸ ಏನಂತ ನಂಗ ಗೊತ್ತೈತ್ರಿ, ಭಾವಾರ. ಬೆಳಕಿನ ಕೆಲಸ. ಹೋಗಲಿ ಬಿಡ್ರಿ."

ದೊಡ್ಡಪ್ಪ ಆಕೆಯ ಮುಖವನ್ನೇ ನೋಡಿದ. ಗೊತ್ತಿದೆ ಎಂದು ಎದೆ ಸೆಟೆಸಿ ಹೇಳುವವರ ಮೇಲೆ ಅವನಿಗೆ ಒಂದು ಮರ್ಯಾದೆ. ಆಗಲಿ ಎಂದು ಚಹಾ ಕುಡಿದು ಎದ್ದು ಹೋದ. ಅವ್ವನಿಗೆ ಗೊತ್ತಿದ್ದದ್ದು 'ಬೆಳಕು' ಎಂಬ ಒಂದು ಶಬ್ದ ಅಷ್ಟೇ. ಅದೂ ನಾನು ಅರ್ಜಿ ತುಂಬುವಾಗ ಜೋರಾಗಿ ಓದಿಕೊಂಡದ್ದು ಅಡುಗೆಮನೆಗೆ ಕೇಳಿಸಿತ್ತು. ಅಷ್ಟು ಸಾಕಾಯಿತು, ನಾನು ಹೋದೆ.

ಆ ದೂರದ ಊರಿನಲ್ಲಿ ನಾನು ಏನು ಮಾಡಿದೆ ಎಂಬುದನ್ನು ಇಲ್ಲಿ ಸ್ವಲ್ಪ ಹೇಳಲೇಬೇಕು. ಇಲ್ಲದಿದ್ದರೆ ನೀವೂ ದೊಡ್ಡಪ್ಪನ ಪಕ್ಕ ಹೋಗಿ ಕೂಡುತ್ತೀರಿ. ನನ್ನ ಹತ್ತಿರ ಒಂದು ಹರಳಿತ್ತು. ಕಿರುಬೆರಳ ಉಗುರಿನಷ್ಟು, ನೋಡಲು ಕಲ್ಲುಸಕ್ಕರೆಯ ಚೂರು. ಅದನ್ನು ಬೆಳೆಸುವಾಗಲೇ ಒಂದು ಅಪರೂಪದ ಲೋಹದ ಕಣಗಳನ್ನು ಒಳಗೆ ಒತ್ತೊತ್ತಾಗಿ ಬೆರೆಸಿದ್ದರು. ಆ ಕಣಗಳಿಗೆ ಬೇಕಾದದ್ದು ಒಂದೇ ಬಣ್ಣದ ಬೆಳಕು. ಬೇರೆ ಬಣ್ಣ ಹಾಯ್ದು ಹೋದರೆ ತಿರುಗಿಯೂ ನೋಡುವುದಿಲ್ಲ. ತಮ್ಮ ಬಣ್ಣ ಬಂದರೆ ಎಲ್ಲ ಕೂಡಿ ತೂಗತೊಡಗುತ್ತವೆ. ಹರಳನ್ನು ಮೈ ಮರಗಟ್ಟಿಸುವ ಚಳಿಗಿಂತ ಎಷ್ಟೋ ಪಟ್ಟು ಹೆಚ್ಚಿನ ಚಳಿಯಲ್ಲಿಟ್ಟು, ಆ ಬಣ್ಣದ ಬೆಳಕನ್ನು ಒಂದು ಸಣ್ಣ ತುಣುಕಾಗಿ ಒಳಗೆ ಬಿಡುತ್ತಿದ್ದೆ. ಕಣ್ಣು ಮಿಟುಕಿಸುವಷ್ಟು ಹೊತ್ತೂ ಅದಕ್ಕೆ ಬಹಳ ದೊಡ್ಡದು. ಆ ತುಣುಕಿಗೆ ಬೆಳಕಿನ ಮಿಡಿತ ಅನ್ನುತ್ತೇವೆ. ಮಿಡಿತ ಹರಳಿನೊಳಗೆ ಇಂಗಿಹೋಗುತ್ತದೆ. ಸ್ವಲ್ಪ ತಡೆದು ಎರಡನೆಯ ಮಿಡಿತ ಬಿಡಬೇಕು. ಆಮೇಲೆ ಕೈಕಟ್ಟಿ ಸುಮ್ಮನೆ ಕೂಡಬೇಕು. ಎರಡರ ನಡುವೆ ಎಷ್ಟು ಹೊತ್ತು ಬಿಟ್ಟಿದ್ದೆವೋ ಸರಿಯಾಗಿ ಅಷ್ಟೇ ಹೊತ್ತು ಕಳೆದ ಮೇಲೆ ಹರಳು ತಾನೇ ಒಂದು ಮಿಡಿತವನ್ನು ಹೊರಗೆ ಕೊಡುತ್ತದೆ. ಯಾರೂ ಹಾಕದ ಮೂರನೆಯ ಬೆಳಕು ಅದು. ಬೆಳಕಿನ ಮಾರ್ದನಿ.

ಅದನ್ನು ಮೊದಲ ಸಲ ಪರದೆಯ ಮೇಲೆ ಕಂಡಾಗ, ಕೂಗಿದರೆ ಓಗೊಟ್ಟಿತಲ್ಲ ಈ ಕಲ್ಲು ಎಂದು ಕುರ್ಚಿ ಬಿಟ್ಟು ಎದ್ದು ನಿಂತೆ. ಆದರೆ ನನ್ನ ಹರಳು ದಟ್ಟವಾದದ್ದು, ಕಣಗಳು ಕಿಕ್ಕಿರಿದದ್ದು. ಅದು ಅಷ್ಟಕ್ಕೇ ನಿಲ್ಲಲಿಲ್ಲ. ಮಾರ್ದನಿಯ ನಂತರ ಅಷ್ಟೇ ಅಂತರದಲ್ಲಿ ಪರದೆಯ ಗೆರೆಯಲ್ಲಿ ಇನ್ನೊಂದು ಸಣ್ಣ ಗುಬುಟು, ಒಂದು ಉಬ್ಬು, ಎದ್ದಿತು. ನನಗೆ ಕೆಲಸ ಹೇಳಿಕೊಡುತ್ತಿದ್ದ ಮೇಡಂ ಅದನ್ನು ನೋಡಿ, ಇದು ಎದುರಿನ ಗಾಜಿಗೆ ತಗುಲಿ ಹೊಳೆದು ಬಂದದ್ದಿರಬೇಕು, ಮತ್ತೊಮ್ಮೆ ನೋಡು ಅಂದರು. ನನಗೆ ಉರಿಯಿತು. ಎರಡು ಮಿಡಿತಗಳ ನಡುವಿನ ಹೊತ್ತನ್ನು ಹೆಚ್ಚು ಮಾಡಿ ನೋಡಿದೆ. ಗಾಜಿನಿಂದ ಬಂದದ್ದಾದರೆ ಅದು ಇದ್ದಲ್ಲೇ ಇರಬೇಕು. ಅದು ಇರಲಿಲ್ಲ. ನಾನು ತಡ ಮಾಡಿದಷ್ಟೂ ಅದೂ ತಡ ಮಾಡಿ ಬಂತು. ಮೇಡಂ ಬಹಳ ಹೊತ್ತು ನೋಡಿದರು. ಆಮೇಲೆ ಮತ್ತೆ "ಇನ್ನೊಮ್ಮೆ" ಅಂದರು. ಆ "ಇನ್ನೊಮ್ಮೆ" ಎಂಬ ಶಬ್ದವನ್ನು ಕೇಳಿ ಕೇಳಿ ಹಲ್ಲು ಕಡಿದಿದ್ದೇನೆ. ಇವತ್ತು ಅವರನ್ನು ನೆನೆಸಿಕೊಂಡರೆ ಕೈ ತಾನಾಗಿ ಮುಗಿಯುತ್ತದೆ. ಆ ಶಬ್ದ ಇಲ್ಲದಿದ್ದರೆ ನಾನು ಕಂಡದ್ದನ್ನು ನಾನೇ ನಂಬುತ್ತಿರಲಿಲ್ಲ.

ತಿಳಿದದ್ದು ಇಷ್ಟು. ಹರಳು ತೆಳುವಾಗಿದ್ದರೆ ಮಾರ್ದನಿ ಕ್ಷೀಣವಾಗಿ ಬಂದು ಹೊರಟುಹೋಗುತ್ತದೆ. ದಟ್ಟವಾಗಿದ್ದರೆ ಮಾರ್ದನಿಗೇ ಎಷ್ಟು ಬಲ ಬರುತ್ತದೆಂದರೆ, ಅದೇ ಹೊಸ ಮಿಡಿತವಾಗಿ ಉಳಿದ ಕಣಗಳನ್ನು ತಿರುಗಿಸುತ್ತದೆ. ಆಗ ಮಾರ್ದನಿಗೂ ಒಂದು ಮಾರ್ದನಿ ಹುಟ್ಟುತ್ತದೆ.

ಪದವಿ ಮುಗಿಯಿತು. ನಮ್ಮ ಜಿಲ್ಲೆಯದೇ ಆದ ಇಂಡಿ ಎಂಬ ಊರಿನ ಒಂದು ಕಾಲೇಜಿನಲ್ಲಿ ಪಾಠ ಹೇಳುವ ಕೆಲಸ ಸಿಕ್ಕಿತು. ಮೊದಲ ವರ್ಷವೇ ಮನೆಯಲ್ಲಿ ಹೊಸ ಗದ್ದಲ ಎದ್ದಿತು. ನನ್ನ ತಂಗಿ ರಸಾಯನಶಾಸ್ತ್ರ ಓದಿದವಳು. ಆಕೆಗೂ ನನ್ನ ಹಾಗೆಯೇ ಸಂಶೋಧನೆಗೆ ಕರೆ ಬಂತು. ದೊಡ್ಡಪ್ಪ ಮತ್ತೆ ಕಟ್ಟೆ ಹತ್ತಿದ. ಈ ಸಲ ಅವನು ಬಹಳ ಶಾಂತವಾಗಿದ್ದ. ಹಾಗಿದ್ದಾಗಲೇ ಅವನಿಗೆ ಹೆಚ್ಚು ಹೆದರಬೇಕು. ದೊಡ್ಡಾಕೆ ಇಷ್ಟು ವರ್ಷ ಏನು ಮಾಡಿ ಬಂದಳು ಎಂಬುದನ್ನು ಈ ಮನೆಯಲ್ಲಿ ಒಬ್ಬರು ತನಗೆ ತಿಳಿಯುವ ಹಾಗೆ ಹೇಳಲಿ, ಸಣ್ಣಾಕೆಯನ್ನು ತಾನೇ ಬಸ್ಸು ಹತ್ತಿಸಿ ಬರುತ್ತೇನೆ ಅಂದ. ನಾನು ಹೇಳಲು ಬಾಯಿ ತೆರೆದರೆ ಕೈ ಅಡ್ಡ ಹಿಡಿದ. ಇವಳು ಮಾತಿನ ಮಲ್ಲಿ, ಇವಳು ಏನಾದರೂ ಹೇಳಿ ಗೆಲ್ಲುತ್ತಾಳೆ. ಅಂದು ಗೊತ್ತಿದೆ ಎಂದು ಯಾರು ಅಂದಿದ್ದರೋ ಅವರೇ ಹೇಳಲಿ. ಎಳ್ಳಮಾವಾಸ್ಯೆಗೆ ಹೇಗೂ ಎಲ್ಲರೂ ಹೊಲಕ್ಕೆ ಬರುತ್ತೀರಿ, ಅಲ್ಲಿ ಊಟಕ್ಕೆ ಕೂತಾಗ ಕೇಳುತ್ತೇನೆ ಎಂದು ಎದ್ದು ಹೋದ.

ಅವ್ವ ಕೈಯಲ್ಲಿದ್ದ ಸೂಜಿಯನ್ನು ಗಾದಿಯ ಅಂಚಿಗೆ ಚುಚ್ಚಿಟ್ಟಳು. ಎಂದೋ ಹೇಳಿದ ಸುಳ್ಳು ಈಗ ತಂಗಿಯ ಕಾಲಿಗೆ ತೊಡಕಿಕೊಂಡಿತ್ತು.

ಇಂಡಿಯಿಂದ ಶನಿವಾರ ಶನಿವಾರ ಬಂದು ಪಾಠ ಶುರು ಮಾಡಿದೆ. ಮೊದಲನೆಯ ಪಾಠ ಒಲೆಯ ಮುಂದೆ ನಡೆಯಿತು. ಅವ್ವ ರೊಟ್ಟಿ ಬಡಿಯುತ್ತಿದ್ದಳು, ನಾನು ಕಣ, ಕಂಪನ, ಶಕ್ತಿ ಎಂದು ಬಡಬಡಿಸುತ್ತಿದ್ದೆ. ಆಕೆ ಎಲ್ಲದಕ್ಕೂ ಹೂಂ ಅಂದಳು. ಈಗ ನೀ ಹೇಳು ಅಂದರೆ, ಬೆಳಕು ಒಳಗೆ ಹೋಗಿ ಹೊರಗೆ ಬರುತ್ತದೆ ಅಂದಳು. ಅಷ್ಟೇ ಆದರೆ ಕನ್ನಡಿಗೂ ಇದಕ್ಕೂ ಏನು ಫರಕು ಎಂದು ತಾನೇ ಕೇಳಿದಳು. ಮೇಡಂ ಕೇಳಿದ ಪ್ರಶ್ನೆಯೇ ರೊಟ್ಟಿಯ ಸಪ್ಪಳದ ನಡುವೆ ಮತ್ತೆ ಬಂದಾಗ ನನ್ನ ತಲೆ ಚಿಟ್ಟೆಂದಿತು. ಅದೆಲ್ಲ ಬೇಡ, ನಾನು ಹೇಳಿದ್ದನ್ನು ಬಾಯಿಪಾಠ ಮಾಡಿ ಒಪ್ಪಿಸಿಬಿಡು ಅಂದೆ. ಅವ್ವ ರೊಟ್ಟಿಯನ್ನು ಹಂಚಿಗೆ ಹಾಕಿ ನನ್ನ ಕಡೆ ತಿರುಗಿದಳು.

"ನಂಗ ಮಾತ ಕಲಿಸಬ್ಯಾಡ. ತಿಳಿಸು. ಒಮ್ಮಿ ಗೊತ್ತಿಲ್ದ ಗೊತ್ತೈತಿ ಅಂದೇನಿ. ಎರಡನೇ ಸಲ ಅನ್ನಾಂಗಿಲ್ಲ."

ಆಮೇಲೆ ನನಗೆ ಸಿಟ್ಟು ಬರಲಿಲ್ಲ. ಆಕೆಗೆ ಬೇಕಾದದ್ದು ದೊಡ್ಡಪ್ಪನ ಬಾಯಿ ಮುಚ್ಚಿಸುವುದಷ್ಟೇ ಆಗಿರಲಿಲ್ಲ. ತನ್ನ ಸುಳ್ಳನ್ನು ಆಕೆ ಖರೇ ಮಾಡಿಕೊಳ್ಳಬೇಕಾಗಿತ್ತು.

ಮರುದಿನ ಬೆಳಿಗ್ಗೆ ಅಪ್ಪ, ಯಾರೂ ಕೇಳದೆ, ಅಂಗಡಿಯ ಗೋಡೆಗೆ ತೂಗುಹಾಕಿದ್ದ ಹಳೆಯ ಬಿಲ್ಲನ್ನು ಕೆಳಗಿಳಿಸಿದ. ಅರಳೆ ಹಿಂಜುವ ಆಳುದ್ದದ ಬಿಲ್ಲು ಅದು. ಮಷಿನ್ನು ಬಂದ ಮೇಲೆ ಅದಕ್ಕೆ ಕೆಲಸವಿಲ್ಲ. ಹೊಸ ಹುರಿ ಕಟ್ಟಿ, ಅಡುಗೆಮನೆಯ ಬಾಗಿಲಲ್ಲಿ ಕೂತು ಕಟ್ಟಿಗೆಯ ಗುಂಡಿನಿಂದ ಒಂದು ಏಟು ಕೊಟ್ಟ. ನಾವು ಸಣ್ಣವರಿದ್ದಾಗಿನ ಸದ್ದು ಮನೆ ತುಂಬಿತು. ಅಪ್ಪ ಹುರಿಯನ್ನು ಕೈಯಿಂದ ಹಿಡಿದು ನಿಲ್ಲಿಸಿದ. ಹುರಿ ನಿಂತರೂ ಗೋಡೆಯ ಹಲಗೆಯ ಮೇಲಿನ ತಾಮ್ರದ ಕೊಡ ಒಂದು ಕ್ಷಣ ಗುಂಯ್ಯೆಂದಿತು. ಪಕ್ಕದ ಹಿತ್ತಾಳೆ ಡಬರಿ, ಸ್ಟೀಲಿನ ಡಬ್ಬಿ ಯಾವುದೂ ಪಿಟ್ಟೆನ್ನಲಿಲ್ಲ. ಅವ್ವ ನಕ್ಕಳು. ಮದುವೆಯಾಗಿ ಬಂದಾಗಿನಿಂದ ಈ ಕೊಡ ಹೀಗೆಯೇ, ಇದರ ಮೂತಿಗೆ ಬಟ್ಟೆ ತುರುಕಿ ಇಡುತ್ತಿದ್ದೆ ಅಂದಳು. ಹುರಿ ಬಿಗಿ ಮಾಡಿದರೆ ಕೊಡ ಸುಮ್ಮನಾಗಿ ಡಬರಿ ಮಾತಾಡುತ್ತದೆ ಎಂದೂ ಹೇಳಿದಳು. ಅಪ್ಪ ಹುರಿ ಬಿಗಿ ಮಾಡಿದ. ಡಬರಿ ಮಾತಾಡಿತು.

ನನ್ನ ಹರಳಿನ ಕಣಗಳು ಆ ಕೊಡ ಇದ್ದ ಹಾಗೆ, ತಮ್ಮ ಬಣ್ಣಕ್ಕೆ ಮಾತ್ರ ಓ ಅನ್ನುತ್ತವೆ ಅಂದೆ. ಅವ್ವ ತಲೆಯಾಡಿಸಿದಳು. ಅರ್ಧ ಕೆಲಸ ಮುಗಿಯಿತು. ಅಪ್ಪ ಬಿಲ್ಲನ್ನು ಒರೆಸಿ ತಿರುಗಿ ಗೋಡೆಗೆ ಹಾಕಿ ಹೋದ. ಅಪ್ಪ, ನಿನ್ನ ಉಪಕಾರ ದೊಡ್ಡದು.

ಉಳಿದ ಅರ್ಧವೇ ಕಷ್ಟದ್ದು. ಇಂಗಿಹೋದ ಬೆಳಕು ಹೇಳಿದ ಹೊತ್ತಿಗೆ ಸರಿಯಾಗಿ ಹೇಗೆ ಹೊರಬರುತ್ತದೆ? ಎಳ್ಳಮಾವಾಸ್ಯೆ ಬಂದೇಬಿಟ್ಟಿತು, ಅವ್ವನಿಗೆ ಈ ಅರ್ಧ ಇನ್ನೂ ತಿಳಿದಿರಲಿಲ್ಲ.

ನಮ್ಮ ಕಡೆ ಆ ದಿನ ಊರೇ ಹೊಲದಲ್ಲಿರುತ್ತದೆ. ಸಜ್ಜಿ ಕಡಬು, ಶೇಂಗಾ ಹೋಳಿಗೆ, ಎಣ್ಣಿಗಾಯಿ, ಭಜ್ಜಿ ಪಲ್ಯ, ಎಳ್ಳು ಹಚ್ಚಿದ ಕಡಕ್ ರೊಟ್ಟಿ, ಎಲ್ಲ ಬುಟ್ಟಿಯಲ್ಲಿ ಕಟ್ಟಿಕೊಂಡು ಟಂಟಂ ಆಟೋದಲ್ಲಿ ಒಬ್ಬರ ಮೇಲೊಬ್ಬರು ಕೂತು ಇಂಗಳೇಶ್ವರದ ದಾರಿ ಹಿಡಿದೆವು. ನಾವು ಕಾಕು ಎಂದು ಕರೆಯುವ ಪಕ್ಕದ ಮನೆಯಾಕೆ ಕೂಡ ಬಂದಿದ್ದಳು. ಅವರ ಮನೆಯ ಹಬ್ಬಕ್ಕೆ ನಾವು, ನಮ್ಮ ಹೊಲಕ್ಕೆ ಅವರು, ಇದು ಅಜ್ಜಂದಿರ ಕಾಲದಿಂದ ಬಂದದ್ದು. ಆಕೆಯ ಬಾಯಿ ಎಷ್ಟು ದೊಡ್ಡದೋ ಮನಸ್ಸೂ ಅಷ್ಟೇ ದೊಡ್ಡದು. ದೊಡ್ಡಪ್ಪ ಮತ್ತು ಅಪ್ಪ ಆಗಲೇ ಹೊಲದಲ್ಲಿದ್ದರು. ಬಿಳಿಜೋಳ ಆಳುದ್ದ ಎದ್ದು ತೆನೆ ಕಟ್ಟಿತ್ತು. ನೆಲ ಕರ್ರಗೆ ಬಿರಿದಿತ್ತು. ಎಡೆಯನ್ನು ನಾಲ್ಕೂ ದಿಕ್ಕಿಗೆ ಎರಚುತ್ತ ಹೋಗುವುದಕ್ಕೆ ನಾವು ಚರಗ ಚೆಲ್ಲುವುದು ಅನ್ನುತ್ತೇವೆ. ದೊಡ್ಡಪ್ಪ ಮುಂದೆ ಹುಲ್ಲುಲ್ಲಿಗೋ ಎಂದು ಕೂಗುತ್ತ ಚೆಲ್ಲಿದ, ಅಪ್ಪ ಹಿಂದೆ ಓಗೊಡುತ್ತ ನೀರು ಚಿಮುಕಿಸಿದ. ವರ್ಷದಲ್ಲಿ ಅಪ್ಪನ ದನಿ ಜೋರಾಗಿ ಕೇಳುವುದು ಆ ಒಂದು ದಿನ.

ಊಟಕ್ಕೆ ಇನ್ನೂ ಹೊತ್ತಿತ್ತು. ನಾನು ಹೆಂಗಸರನ್ನೆಲ್ಲ ಬದುವಿನ ಬೇವಿನ ಮರದ ಕೆಳಗೆ ನಿಲ್ಲಿಸಿದೆ. ಅವ್ವ, ತಂಗಿ, ಕಾಕು, ಮೊಣಕಾಲು ನೋವಿನ ದೊಡ್ಡವ್ವ, ಇನ್ನೂ ಒಂದಿಬ್ಬರು ಸಂಬಂಧಿಕರು. ನಾನು ಊಟದ ತಾಟಿಗೆ ಚಮಚದಿಂದ ಬಡಿಯುತ್ತೇನೆ, ಒಮ್ಮೆ ಬಡಿದಾಗ ಹೊರಡಿರಿ, ನಿಮ್ಮ ನಿಮ್ಮ ನಡಿಗೆಯಲ್ಲಿ ನಡೆಯಿರಿ, ಯಾರಿಗೂ ಕಾಯಬೇಡಿ, ಮತ್ತೆ ಬಡಿದಾಗ ನಿಂತಲ್ಲೇ ತಿರುಗಿ ಅದೇ ನಡಿಗೆಯಲ್ಲಿ ಬನ್ನಿ ಅಂದೆ. ಜೋರು ನಡೆಯುವವರು ದೂರ ಹೋಗಿರುತ್ತಾರೆ, ಅವರಿಗೆ ತಿರುಗಿ ಬರುವ ದಾರಿಯೂ ದೂರ. ನಿಧಾನದವರು ಹತ್ತಿರ ಇರುತ್ತಾರೆ, ಅವರಿಗೆ ದಾರಿಯೂ ಹತ್ತಿರ. ಹೀಗಾಗಿ ಎಲ್ಲರೂ ಒಂದೇ ಗಳಿಗೆಗೆ ಮರದ ಕೆಳಗೆ ಬಂದು ಸೇರಬೇಕು. ಹರಳಿನ ಕಣಗಳು ಮಾಡುವುದು ಇದನ್ನೇ. ಮೊದಲ ಮಿಡಿತಕ್ಕೆ ಕೂಡಿ ಹೊರಟು ಚೆದುರುತ್ತವೆ, ಎರಡನೆಯದಕ್ಕೆ ತಿರುಗುತ್ತವೆ, ಮತ್ತೆ ಕೂಡಿದ ಗಳಿಗೆಗೆ ಒಟ್ಟಾಗಿ ಬೆಳಕು ಕೊಡುತ್ತವೆ.

ತಾಟು ಬಡಿದೆ. ಬದುವಿನ ಮೇಲೆ ಹೊರಟರು. ನಾಲ್ಕು ಹೆಜ್ಜೆ ಹೋಗಿರಲಿಕ್ಕಿಲ್ಲ, ಕಾಕು ನಿಂತು ಹಿಂದೆ ನೋಡಿದಳು. ದೊಡ್ಡವ್ವ ಕುಂಟುತ್ತಿದ್ದಳು. ಕಾಕು ಹೋಗಿ ಆಕೆಯ ಕೈ ಹಿಡಿದಳು. ಅವರಿಬ್ಬರಿಗಾಗಿ ಅವ್ವ ನಿಂತಳು. ಅವ್ವನಿಗಾಗಿ ತಂಗಿ ನಿಂತಳು. ಎಲ್ಲ ಸೇರಿ ಒಂದು ಗುಂಪಾಗಿ, ಯಾರದೋ ಬೀಗಿತ್ತಿಯ ಸುದ್ದಿ ಮಾತಾಡುತ್ತ, ಆರಾಮಾಗಿ ನಡೆದರು. ನಾನು ಕೂಗಿದೆ, ಬೈದೆ, ಇನ್ನೊಮ್ಮೆ ಮಾಡಿಸಿದೆ. ಇನ್ನೊಮ್ಮೆಯೂ ಹಾಗೆಯೇ ಆಯಿತು. ಚೆದುರಿದರೆ ತಾನೇ ಕೂಡುವುದು! ಕಾಯಬೇಡಿ ಅಂದರೆ ಕಾಯಬೇಡಿ ಎಂದು ನಾನು ಕಾಲು ನೆಲಕ್ಕೆ ಅಪ್ಪಳಿಸಿದೆ. ನಿನ್ನ ಸಾಲಿಯ ಓದು ಎಷ್ಟೇ ದೊಡ್ಡದಿರಲಿ, ಮುದುಕಿಯನ್ನು ಹಿಂದೆ ಬಿಟ್ಟು ಹೋಗುವ ಪಾಠ ನಮಗೆ ಹತ್ತುವುದಿಲ್ಲ ಎಂದು ಕಾಕು ಸೊಂಟದ ಮೇಲೆ ಕೈಯಿಟ್ಟು ಹೇಳಿದಳು. ಎಲ್ಲರೂ ಹೊಟ್ಟೆ ಹುಣ್ಣಾಗುವಂತೆ ನಕ್ಕರು. ನನಗೂ ನಗು ಬಂತು. ದಟ್ಟವಾದ ಹರಳಿನ ಗೋಳೂ ಇದೇ ತಾನೆ. ಕಣಗಳು ಒತ್ತೊತ್ತಾಗಿದ್ದರೆ ಒಂದು ಇನ್ನೊಂದನ್ನು ತನ್ನ ಪಾಡಿಗೆ ಬಿಡುವುದಿಲ್ಲ, ನಡಿಗೆಯನ್ನೇ ಎಳೆದಾಡುತ್ತವೆ. ಎಷ್ಟೋ ದಿನ ನನ್ನ ಮಾರ್ದನಿಯನ್ನು ಕೆಡಿಸಿದ್ದು ಆ ಎಳೆದಾಟವೇ.

ಆಮೇಲೆ ನನಗೆ ಜೋಳ ಕಣ್ಣಿಗೆ ಬಿತ್ತು. ಒಬ್ಬೊಬ್ಬರನ್ನು ಒಂದೊಂದು ಸಾಲಿನೊಳಗೆ ನಿಲ್ಲಿಸಿದೆ. ಆಳುದ್ದದ ಬೆಳೆ. ಒಬ್ಬರಿಗೊಬ್ಬರು ಕಾಣುವುದಿಲ್ಲ, ಕಾಣದಿದ್ದರೆ ಕಾಯುವುದೂ ಇಲ್ಲ. ಮಾತಾಡಿದವರಿಗೆ ಹೋಳಿಗೆ ಇಲ್ಲ ಎಂದೂ ಹೆದರಿಸಿದೆ. ದಂಟು ಮುರಿದರೆ ನೋಡಿಕೊಳ್ಳಿ ಎಂದು ದೂರದಿಂದ ದೊಡ್ಡಪ್ಪ ಗದರಿದ. ಈ ತಮಾಷೆ ನೋಡಲು ಆಚೆ ಹೊಲದ ಹೆಂಗಸರು ತಮ್ಮ ಬದುವಿನ ಮೇಲೆ ಸಾಲಾಗಿ ನಿಂತಿದ್ದರು.

ತಾಟು ಬಡಿದೆ. ಜೋಳ ಅವರನ್ನು ನುಂಗಿತು. ಅಲ್ಲಲ್ಲಿ ತೆನೆ ಅಲುಗುವುದು ಬಿಟ್ಟರೆ ಏನೂ ಕಾಣಲಿಲ್ಲ. ಸಾಕಷ್ಟು ಹೊತ್ತು ಬಿಟ್ಟು ಮತ್ತೆ ಬಡಿದೆ. ಇನ್ನು ನೋಡುವಂಥದ್ದೇನೂ ಇಲ್ಲ ಎಂದು ಆಚೆ ಹೊಲದವರು ಬೇಸತ್ತು, ತಮ್ಮ ಬಾವಿಯ ಕಡೆ ಒಮ್ಮೆಲೇ ಹೊರಟು ತಮ್ಮ ತಮ್ಮ ನಡಿಗೆಯಲ್ಲಿ ನಡೆದರು. ನಾನು ಬೇವಿನ ಮರಕ್ಕೆ ಒರಗಿ ನಿಂತೆ. ಪರದೆಯ ಮುಂದೆ ಕೂತಾಗಲೂ ಅಷ್ಟು ಕಣ್ಣಿಟ್ಟು ಕಾದಿರಲಿಲ್ಲ.

ಜೋಳದ ಗೋಡೆಯಿಂದ ಎಲ್ಲ ಮುಖಗಳೂ ಒಂದೇ ಸಲಕ್ಕೆ ಹೊರಬಂದವು. ಮುಂದಿಲ್ಲ, ಹಿಂದಿಲ್ಲ. ತಂಗಿಯ ಪಕ್ಕ ದೊಡ್ಡವ್ವ, ದೊಡ್ಡವ್ವನ ಪಕ್ಕ ಅವ್ವ. ಕಡೆಗೆ ಬರುವವಳು ತಾನೇ ಎಂದುಕೊಂಡಿದ್ದ ದೊಡ್ಡವ್ವ, ಎಲ್ಲರ ಜೊತೆ ತಾನೂ ಬಂದೆನೆಂದು ಕೇಕೆ ಹಾಕಿದಳು. ಉಳಿದವರೂ ಹಾಕಿದರು. ಆ ಕೂಗಿಗೆ ಮರದ ಮೇಲಿನ ಹಕ್ಕಿಗಳೆಲ್ಲ ಎದ್ದವು.

ನಾನು ಇಷ್ಟನ್ನೇ ತೋರಿಸಬೇಕೆಂದಿದ್ದೆ. ಮುಂದಿನದು ನನ್ನ ಕೈಯಲ್ಲಿರಲಿಲ್ಲ. ಬಾವಿಯ ದಾರಿಯಲ್ಲಿ ಹಿಂದೆ ಮುಂದೆ ಚೆದುರಿಹೋಗಿದ್ದ ಆಚೆ ಹೊಲದ ಹೆಂಗಸರು ನಮ್ಮ ಕೂಗು ಕೇಳಿ, ಯಾರಿಗೋ ಹಾವು ಕಡಿಯಿತೆಂದು ಗಾಬರಿಯಾಗಿ ನಿಂತಲ್ಲೇ ತಿರುಗಿದರು. ಮುಂದೆ ಹೋಗಿದ್ದ ಚುರುಕಿನವರು ಚುರುಕಾಗಿಯೇ ಬಂದರು, ನಿಧಾನದವರು ನಿಧಾನವಾಗಿಯೇ. ಬದುವಿಗೆ ಬಂದು ಮುಟ್ಟಿದಾಗ ಅವರೂ ಎಲ್ಲರೂ ಒಟ್ಟಿಗೆ ಬಂದು ಒಬ್ಬರಿಗೊಬ್ಬರು ಡಿಕ್ಕಿ ಹೊಡೆದರು. ಏನಾಯಿತೆಂದು ಅವರ ಕಡೆಯಿಂದಲೂ ಒಂದು ಕೂಗು ಎದ್ದಿತು.

ಆ ಸಣ್ಣ ಗುಬುಟು, ಗಾಜಿನದಿರಬೇಕು ಎಂದು ಮೇಡಂ ಅಂದದ್ದು, ನಾನು ವರ್ಷಗಟ್ಟಲೆ ಬೆನ್ನು ಹತ್ತಿದ್ದು, ಇಂಗಳೇಶ್ವರದ ಬದುವಿನ ಮೇಲೆ ಸೀರೆ ಉಟ್ಟು ನಿಂತಿತ್ತು. ಅವ್ವ ನನ್ನ ಮಣಿಕಟ್ಟು ಗಟ್ಟಿಯಾಗಿ ಹಿಡಿದಳು. ಕಣ್ಣು ಆಚೆ ಬದುವಿನ ಮೇಲೆಯೇ ಇತ್ತು.

"ನಮ್ಮ ಕೂಗ ಅವರಿಗೆ ತಾಟ ಆತಲ್ಲ?"

ಹೌದೆಂದು ತಲೆಯಾಡಿಸಿದೆ. ಅಳು ಬಂತು, ತಡೆದುಕೊಳ್ಳಲಿಲ್ಲ. ಅವ್ವ ಹೇಳಿದ್ದಕ್ಕಿಂತ ಕಡಿಮೆ ಶಬ್ದಗಳಲ್ಲಿ ನನ್ನ ಪ್ರಬಂಧವನ್ನು ನಾನೂ ಹೇಳಲಾರೆ.

ಊಟಕ್ಕೆ ಕೂತೆವು. ದೊಡ್ಡಪ್ಪ ಎಣ್ಣಿಗಾಯಿ ಮುಗಿಸಿ, ಅವ್ವನ ಕಡೆ ನೋಡಿ ಈಗ ಹೇಳವ್ವ ಅಂದ. ತಂಗಿಯ ಕೈಯಲ್ಲಿದ್ದ ತುತ್ತು ಅಲ್ಲೇ ನಿಂತಿತು. ಅವ್ವ ಅವಸರ ಮಾಡಲಿಲ್ಲ. ಬಿಲ್ಲು ಮತ್ತು ಕೊಡದಿಂದ ಶುರು ಮಾಡಿದಳು. ಕೊಡದಂಥ ಕಣಗಳು ತುಂಬಿದ ಒಂದು ಹರಳು. ಒಂದು ಸಲ ಬೆಳಕು ಬಡಿದರೆ ಅವು ಹೊರಡುತ್ತವೆ, ತಮ್ಮ ತಮ್ಮ ನಡಿಗೆಯಲ್ಲಿ ಚೆದುರುತ್ತವೆ, ಬೆಳಕು ಕಳೆದುಹೋಯಿತು ಅನಿಸುತ್ತದೆ. ಇನ್ನೊಂದು ಸಲ ಬಡಿದರೆ ತಿರುಗುತ್ತವೆ. ಎಲ್ಲ ಕೂಡಿದ ಗಳಿಗೆಗೆ ಬೆಳಕು ತಿರುಗಿ ಬರುತ್ತದೆ. ಕಣಗಳು ಜೋಳದ ಹಾಗೆ ದಟ್ಟಾಗಿದ್ದರೆ ಆ ಬಂದ ಬೆಳಕೇ ಇನ್ನೊಂದು ಬಡಿತವಾಗಿ ಮತ್ತೂ ಒಂದನ್ನು ಕರೆಯುತ್ತದೆ. ಈಗ ಆಚೆ ಹೊಲದವರು ಬಂದರಲ್ಲ, ಹಾಗೆ. ಅಡುಗೆಯ ರೀತಿ ಹೇಳುವಷ್ಟು ನಿರಾಳವಾಗಿ ಹೇಳಿದಳು.

ದೊಡ್ಡಪ್ಪ ಅಗಿಯುವುದನ್ನು ನಿಲ್ಲಿಸಿದ್ದ. ಆದರೆ ಅವನೂ ಅವನೇ. ಅದು ಕನ್ನಡಿಗೆ ಬಡಿದ ಹಾಗೆ ಎಲ್ಲೋ ಬಡಿದು ಬಂದ ಬೆಳಕಲ್ಲ ಎಂದು ಇವಳಿಗೆ ಹೇಗೆ ಗೊತ್ತಾಯಿತು ಎಂದು ಕೇಳಿದ. ಅದೇ ಪ್ರಶ್ನೆ, ಮೂರನೆಯ ಸಲ. ನಾನು ನಾಲಿಗೆ ಕಚ್ಚಿಕೊಂಡು ಕೂತೆ. ನಾನು ಬಾಯಿ ಹಾಕಿದರೆ ತಂಗಿಯ ದಾರಿ ಮುಚ್ಚಿತು. ಗಾಜಿನ ಸಂಗತಿ ನಾನು ಅವ್ವನಿಗೆ ಒಮ್ಮೆ ಒಲೆಯ ಮುಂದೆ ಬಡಬಡಿಸಿದ್ದೆ ಅಷ್ಟೇ, ಆಕೆಯ ಕಿವಿಗೆ ಬಿದ್ದಿತ್ತೋ ಇಲ್ಲವೋ.

"ಆಕಿ ತಾಟ ತಡಾ ಮಾಡಿ ಬಡದ್ಳರಿ, ಭಾವಾರ. ಅದೂ ಅಷ್ಟ ತಡಾ ಮಾಡಿ ಬಂತ್ರಿ. ಕನ್ನಡಿ ಯಾರ ಸಲುವಾಗಿ ಕಾಯತೈತ್ರಿ?"

ಗಾಳಿಗೆ ಜೋಳ ಸರಸರ ಅಂದಿತು. ದೊಡ್ಡಪ್ಪ ತಾಟಿನಲ್ಲಿದ್ದ ಕಡಬನ್ನು ಮುರಿದ, ಬಾಯಿಗಿಟ್ಟ, ನುಂಗಿದ. ಆಮೇಲೆ ತಂಗಿಯ ಕಡೆ ತಿರುಗಿ, ನಿನ್ನ ಬಸ್ಸು ಯಾವ ವಾರ ಎಂದು ಕೇಳಿದ. ಹೇಳಿದ ಹಾಗೆ ತಾನೇ ಬಂದು, ಟ್ರಂಕು ಹೊತ್ತು, ಬಸ್ಸು ಹತ್ತಿಸಿದ. ಸೋತರೆ ಸೋತೆ ಎಂದು ಒಪ್ಪಿಕೊಳ್ಳುವ ಗಂಡಸರು ಎಷ್ಟು ಮಂದಿ ಸಿಗುತ್ತಾರೆ? ಅವನ ಋಣವೂ ನನ್ನ ಮೇಲಿದೆ. ಅವನು ಅಷ್ಟು ಗಟ್ಟಿಯಾಗಿ ಕೇಳದಿದ್ದರೆ ನಾನು ನನ್ನ ಕೆಲಸವನ್ನು ಅವ್ವನಿಗೆ ಎಂದೂ ಹೇಳುತ್ತಿರಲಿಲ್ಲ, ಆಕೆಗೆಲ್ಲಿ ತಿಳಿಯುತ್ತದೆ ಎಂದು ಬಿಟ್ಟುಬಿಡುತ್ತಿದ್ದೆ. ಎಳ್ಳಮಾವಾಸ್ಯೆಯ ಆ ಸಂಜೆ ಹೊಲದಿಂದ ತಿರುಗುವಾಗ ಟಂಟಂನಲ್ಲಿ ಅವ್ವ ನನ್ನ ಹೆಗಲ ಮೇಲೆ ತಲೆಯಿಟ್ಟು, ಅಂದು ಹೇಳಿದ್ದು ಈಗ ಖರೇ ಆಯಿತು ಎಂದು ನನಗೊಬ್ಬಳಿಗೇ ಕೇಳುವಂತೆ ಹೇಳಿದಳು.

ಆಮೇಲೆ ಅವ್ವನನ್ನು ಹಿಡಿಯುವವರೇ ಇರಲಿಲ್ಲ. ತವರುಮನೆ ಮುದ್ದೇಬಿಹಾಳಕ್ಕೆ ಹೋದಾಗ ಅಲ್ಲಿ ಹೇಳಿದಳು. ಸಿಂದಗಿಯಲ್ಲಿರುವ ನಮ್ಮ ಚಿಗವ್ವನ ಮನೆಯ ಕುಬಸದಲ್ಲಿ, ಬಸುರಿಗೆ ಬಳೆ ಇಡುವಾಗ, ಹೇಳಿದಳು. ಬಾಣಂತಿಗೆ ಗಾದಿ ಒಯ್ಯಲು ಬಂದವರಿಗೂ ಹೇಳಿದಳಂತೆ. ಎಲ್ಲಿ ಹೋದರೂ ಹೆಂಗಸರನ್ನು ಸಾಲಾಗಿ ನಿಲ್ಲಿಸಿ ನಡೆಸುತ್ತಾಳೆ ಎಂದು ಅಪ್ಪನೇ ಬಾಯಿಬಿಟ್ಟು ದೂರು ಹೇಳಿದ. ನಾನು ನಕ್ಕು ಮರೆತೆ.

ಮೊನ್ನೆ ಸಿಂದಗಿಯಿಂದ ಇಂಡಿಗೆ ಬಸ್ಸಿನಲ್ಲಿ ಬರುತ್ತಿದ್ದೆ. ಪಕ್ಕದಲ್ಲಿ ಒಬ್ಬ ಹೆಂಗಸು, ನಡುವಯಸ್ಸು ದಾಟಿದವಳು. ಕಾಲಬುಡದಲ್ಲಿ ಖಾಲಿಯಾದ ನಿಂಬೆಕಾಯಿಯ ಚೀಲ, ಇಂಡಿಯ ತೋಟದ್ದು, ಮಾರಿ ಬರುತ್ತಿದ್ದಳು. ನನ್ನ ಮಡಿಲಲ್ಲಿದ್ದ ಪುಸ್ತಕದ ಚಿತ್ರ ನೋಡಿ, ಸಾಲಿ ಕಲಿಸುತ್ತೀರೇನು ಎಂದು ಕೇಳಿದಳು. ಹೌದು ಅಂದೆ. ಹಾಗಾದರೆ ಈ ಸುದ್ದಿ ನಿಮಗೆ ಗೊತ್ತಿರಬೇಕು ಎಂದು ತಾನೇ ಶುರು ಮಾಡಿದಳು. ಬಾಗೇವಾಡಿ ಕಡೆ ಒಂದು ಹುಡುಗಿಯ ಹತ್ತಿರ ಒಂದು ಹರಳಿದೆಯಂತೆ, ಬೀಸುಕಲ್ಲಿನಷ್ಟು ದೊಡ್ಡದು. ಅದರೊಳಗೆ ಬೆಳಕು ಹಾಕಿದರೆ ಇಟ್ಟುಕೊಳ್ಳುತ್ತದಂತೆ, ಮತ್ತೆ ಬಡಿದರೆ ತಿರುಗಿ ಕೊಡುತ್ತದಂತೆ, ಒಂದು ಕೊಟ್ಟು ಆ ಒಂದರಿಂದ ಇನ್ನೊಂದು ಕೊಡುತ್ತದಂತೆ. ಮುದ್ದೇಬಿಹಾಳದ ಒಂದು ಮದುವೆಯಲ್ಲಿ ಕೇಳಿದ್ದಂತೆ. ಅಲ್ಲಿ ಹೇಳಿದವಳಿಗೆ ಇನ್ನಾರೋ ಹೇಳಿದ್ದು. ಹರಳಿನ ಗಾತ್ರ ಒಂದು ಬಿಟ್ಟರೆ ಎಲ್ಲ ಸರಿಯಾಗಿತ್ತು. ತಡ ಮಾಡಿದರೆ ತಡ ಮಾಡಿ ಬರುತ್ತದೆ ಎಂಬುದನ್ನೂ ಬಿಟ್ಟಿರಲಿಲ್ಲ.

ಆ ಹುಡುಗಿ ನಾನೇ ಎಂದು ಹೇಳಲು ಬಾಯಿಯವರೆಗೆ ಬಂದಿತ್ತು. ಆಕೆ ಬಿಡಲಿಲ್ಲ, ಮುಂದುವರಿದಳು.

"ನನ್ನ ಮಗಳೂ ಸೈನ್ಸ ಓದತೇನಿ, ದೂರ ಹೋಗತೇನಿ ಅಂತ ಹಟಾ ಹಿಡಿದಿದ್ಳರಿ. ಏನ ಓದ್ತಿ ಅಂತ ಬೈದಿದ್ದೆ. ಈ ಮಾತ ಕೇಳಿದ ಮ್ಯಾಲ ಹೂಂ ಅಂದೇನ್ರಿ. ನಿನ್ನ ಓದ ನಂಗೂ ತಿಳಿಸಬೇಕು ಅಂತ ಹೇಳಿ ಕಳಿಸೇನಿ."

ಬಸ್ಸು ಕುಲುಕುತ್ತಿತ್ತು. ನಾನು ಕಿಟಕಿಯ ಕಡೆ ಮುಖ ಮಾಡಿ ಸೆರಗಿನಿಂದ ಕಣ್ಣೊರೆಸಿಕೊಂಡೆ. ನಮ್ಮ ಕೂಗು ಅವರಿಗೆ ತಾಟಾಯಿತಲ್ಲ ಎಂದು ಅವ್ವ ಅಂದದ್ದು ಆ ಬಾವಿಯ ದಾರಿಗಷ್ಟೇ ಎಂದುಕೊಂಡಿದ್ದೆ. ಕಣ್ಣಿಗೆ ಧೂಳು ಹೋಯಿತೇನು ಎಂದು ಆಕೆ ಕೇಳಿದಳು. ಹೌದೆಂದು ಹೇಳಿ, ಆಕೆಯ ಕಡೆ ತಿರುಗಿ ನೆಟ್ಟಗೆ ಕೂತೆ.

"ಇನ್ನೊಮ್ಮಿ ಹೇಳ್ರಿ," ಅಂದೆ.